ಹೊಲದ ಕಾಗದದಲ್ಲಿ ಸಿಕ್ಕ ಮುತ್ತಜ್ಜಿ

ಪ್ರೀತಿಯ ಮಗಳೆ,

ಲೀಡ್ಸ್‌ನ ನಿನ್ನ ಗೆಳತಿ 1921ರ ಜನಗಣತಿಯ ಹಾಳೆಯಲ್ಲಿ ತನ್ನ ಮುತ್ತಜ್ಜನ ಮನೆಮಂದಿಯನ್ನೆಲ್ಲ ಕಂಡಳೆಂದು ಬರೆದಿದ್ದೆ. ನಮ್ಮವರನ್ನೂ ಹಾಗೆ ಹುಡುಕಬಹುದೇ ಎಂದೂ ಕೇಳಿದ್ದೆ. ಆ ದಾರಿ ನಮಗಿಲ್ಲ. ಅಲ್ಲಿ ನೂರು ವರ್ಷ ಕಳೆದ ಮೇಲೆ ಮನೆಮನೆಯ ಹಾಳೆಗಳನ್ನು ಜನರ ಮುಂದಿಡುತ್ತಾರೆ. ಇಲ್ಲಿ ಆ ಕಾಲದ ಗಣತಿಯಿಂದ ನಮಗೆ ದಕ್ಕಿದ್ದು ಒಟ್ಟು ಅಂಕಿಗಳು ಮಾತ್ರ. ಆದರೆ ನಮ್ಮ ಧಾರವಾಡದ ಕಡೆ ಹೊಲ ಇದ್ದವರ ಬದುಕು ಹೊಲದ ಕಾಗದಗಳಲ್ಲಿದೆ. ನನ್ನ ಮುತ್ತಜ್ಜಿ ಸಿಕ್ಕಿದ್ದೂ ಅಲ್ಲಿಯೇ.

ಮೊದಲು ಕೇಳಿದ್ದು ಹೆಳವರನ್ನು. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಬಂದು, ಮನೆತನದ ತಲೆಮಾರುಗಳನ್ನು ಒಂದೇ ಉಸಿರಿಗೆ ಹೇಳಿ, ಕಾಳುಕಡಿ ಪಡೆದು ಹೋಗುವ ಅವರನ್ನು ನೀನು ಚಿಕ್ಕವಳಿದ್ದಾಗ ನೋಡಿದ್ದೀಯ. ನಮ್ಮ ಹೆಳವ ಓದಿದ ಹೊತ್ತಿಗೆಯಲ್ಲಿ ಮೂಲಪುರುಷ ಎಲ್ಲಿಂದ ಬಂದ, ಯಾರ ಮಗ ಯಾರು, ಯಾರು ಊರು ಬಿಟ್ಟರು ಎಲ್ಲವೂ ಇತ್ತು. ಮುತ್ತಜ್ಜ ಇದ್ದ, ಅವನ ಇಬ್ಬರು ಗಂಡುಮಕ್ಕಳಿದ್ದರು. ಅವರನ್ನು ಹೆತ್ತವಳು ಇರಲಿಲ್ಲ. ಹೆಳವರ ನೆನಪಿನ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಅಂದು ತುಂಬ ಸಂಕಟವಾಯಿತು.

ಆಮೇಲೆ ತಾಲ್ಲೂಕು ಕಚೇರಿಯ ದಾಖಲೆ ಕೋಣೆ. ನಮ್ಮ ಭಾಗ ಆಗ ಮುಂಬೈ ಪ್ರಾಂತದಲ್ಲಿತ್ತು. 1903ರ ಕಾಯ್ದೆಯ ನಂತರ ಅಲ್ಲಿ ಹಕ್ಕು ದಾಖಲೆ ಬರೆಸಲಾರಂಭಿಸಿದರು. ಕಂಪ್ಯೂಟರಿನ ಪಹಣಿಯಲ್ಲಿ ಅಷ್ಟು ಹಳೆಯದು ಸಿಗುವುದಿಲ್ಲ. ಸರ್ವೆ ನಂಬರ್ ಹಿಡಿದು, ಖಾತೆ ಬದಲಾದಾಗಲೆಲ್ಲ ಬರೆಯುವ ಒಂದು ಮ್ಯುಟೇಶನ್‌ನಿಂದ ಅದರ ಹಿಂದಿನದಕ್ಕೆ ಇಳಿಯುತ್ತಲೇ ಹೋಗಬೇಕು. ಹಾಗೆ ಇಳಿದು 1919ರ ಒಂದು ನಮೂದಿಗೆ ಬಂದೆ: ಖಾತೆದಾರ ಮೃತ, ವಾರಸಾ ಇಬ್ಬರು ಅಜ್ಞಾನ (ಅಂದರೆ ವಯಸ್ಸಿಗೆ ಬಾರದ) ಮಕ್ಕಳಿಗೆ, ಪಾಲನಕರ್ತೆ ತಾಯಿ. ಮುಂದೆ ಅವಳ ಹೆಸರು. ಪ್ರತಿ ಈ ಪತ್ರದ ಜೊತೆಗಿದೆ, ನೀನೇ ಓದು.

ಮುತ್ತಜ್ಜ ಏಕೆ ಸತ್ತನೆಂದು ಆ ಕಾಗದ ಹೇಳುವುದಿಲ್ಲ. ಅಪ್ಪ ಮಾತ್ರ ‘ಜ್ವರದ ವರ್ಷ’ ಎನ್ನುತ್ತಿದ್ದರು. 1918ರ ಜೂನ್‌ನಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಮಳೆಗಾಲದ ಕೊನೆಗೆ ಮತ್ತೆ ಎದ್ದು ಇಡೀ ಪ್ರಾಂತವನ್ನು ಹಿಂಡಿತ್ತು. ದೇಶದಲ್ಲಿ ಕೋಟಿಗೂ ಹೆಚ್ಚು ಜನ ಸತ್ತರು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. 1911ರಿಂದ 1921ರ ನಡುವೆ ಭಾರತದ ಜನಸಂಖ್ಯೆ ಕುಗ್ಗಿತು. ಆ ಶತಮಾನದ ಬೇರಾವ ದಶಕದಲ್ಲೂ ಹಾಗಾಗಲಿಲ್ಲ. ನಮ್ಮ ಮುತ್ತಜ್ಜನೂ ಆ ಲೆಕ್ಕದಲ್ಲಿ ಸೇರಿದವನೆಂದೇ ನಾನು ನಂಬಿದ್ದೇನೆ.

ನನ್ನನ್ನು ಹೆಚ್ಚು ಕಾಡಿದ್ದು ಅದರ ಮುಂದಿನ ಕಥೆ. ಅಪ್ಪನ ಟ್ರಂಕಿನಲ್ಲಿ ಎರಡು ಪತ್ರಗಳಿದ್ದವು. 1920ರಲ್ಲಿ ಮುತ್ತಜ್ಜಿ ಎರೆಹೊಲದ ಅರ್ಧವನ್ನು ಸಾಲಕ್ಕಾಗಿ ಭೋಗ್ಯಕ್ಕೆ ಹಾಕಿದ್ದಾಳೆ. 1931ರಲ್ಲಿ ಸಾಲವೆಲ್ಲ ತೀರಿಸಿ ಬಿಡಿಸಿಕೊಂಡಿದ್ದಾಳೆ. ಹತ್ತಿಯ ಬೆಲೆ ನೆಲಕಚ್ಚಿದ್ದ ಕಾಲವದು; ಹೊಲ ಕಳೆದುಕೊಂಡ ಗಂಡಸರೇ ಬಹಳ ಜನ. ಓದುಬರಹ ಬಾರದ ಒಬ್ಬ ವಿಧವೆ ಆ ಹಣವನ್ನು ಹೇಗೆ ಹೊಂದಿಸಿದಳೋ! ಎರಡರಲ್ಲೂ ಅವಳ ಎಡಗೈ ಹೆಬ್ಬೆಟ್ಟು ಮಾತ್ರ ಇದೆ. ನಮ್ಮ ಮನೆತನ ಇಂದಿಗೂ ಉಣ್ಣುತ್ತಿರುವುದು ಆ ಹೊಲದ ಜೋಳವನ್ನು. ಆ ಹೊಲವನ್ನು ಉಳಿಸಿದವಳು ಅವಳು, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಈ ಸುಗ್ಗಿಗೆ ಹೆಳವ ಮತ್ತೆ ಬರುತ್ತಾನೆ. ಮುತ್ತಜ್ಜಿಯ ಹೆಸರನ್ನು ಹೊತ್ತಿಗೆಗೆ ಸೇರಿಸಬೇಕೆಂದು ಕೇಳಿದ್ದೇನೆ, ಒಪ್ಪಿದ್ದಾನೆ. ನಿನ್ನದನ್ನೂ ನಿನ್ನ ಮಗಳದನ್ನೂ ಬರೆಸುತ್ತೇನೆ. ಮಗುವಿನ ಪೂರ್ಣ ಹೆಸರನ್ನು ಕನ್ನಡದಲ್ಲಿ ಸರಿಯಾಗಿ ಬರೆದು ಸಂಕ್ರಾಂತಿಯೊಳಗೆ ಕಳುಹಿಸು.

ನಿನ್ನ ಅಮ್ಮ