ಇರುವ ಟವರನ್ನು ಉಳಿಸಿಕೊಡಿ: ಮಾನ್ಯ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರಿಗೆ,

ನಮಸ್ಕಾರಗಳು. ಘಟ್ಟದಂಚಿನ ಒಂದು ಹಳ್ಳಿಯಲ್ಲಿ ಎರಡು ಎಕರೆ ಅಡಿಕೆ ತೋಟ ಮಾಡಿಕೊಂಡಿರುವ ನಾನು ಇದೇ ವಿಷಯವಾಗಿ ಈವರೆಗೆ ತಮಗೆ ಮೂರು ಮನವಿಗಳನ್ನು ಕೊಟ್ಟಿದ್ದೇನೆ. ಮೊದಲನೆಯದನ್ನು ತಾವು ನಮ್ಮ ಹೋಬಳಿಗೆ ಬಂದಿದ್ದಾಗ ಕೈಗೇ ಕೊಟ್ಟೆ; ತಾವು ಅದನ್ನು ಮಡಿಕೆ ಬಿಚ್ಚದೆ ಪಕ್ಕದವರಿಗೆ ದಾಟಿಸಿದಿರಿ. ಎರಡನೆಯದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಸ್ವೀಕೃತಿ ಚೀಟಿ ಬಂತು, ಉತ್ತರ ಬರಲಿಲ್ಲ. ಮೂರನೆಯದನ್ನು ತಮ್ಮ ಕಚೇರಿಯ ವಾಟ್ಸಾಪ್ ಸಂಖ್ಯೆಗೆ ಹಾಕಿದೆ. ಅದು ಎರಡು ದಿನ ಗಡಿಯಾರದ ಗುರುತು ಹೊತ್ತುಕೊಂಡು ನನ್ನ ಫೋನಿನಲ್ಲೇ ಕುಳಿತಿತ್ತು. ಅದರಲ್ಲಿ ತಮ್ಮ ತಪ್ಪೇನೂ ಇಲ್ಲ, ಕಳುಹಿಸಿದವನ ಊರಿನಲ್ಲಿ ಸಿಗ್ನಲ್ ಇರಲಿಲ್ಲ.

ನನ್ನ ಬೇಡಿಕೆ ಸಣ್ಣದು. ನಮಗೆ ಹೊಸ ಟವರ್ ಬೇಡ. ಇರುವ ಟವರಿನ ಸತ್ತುಹೋದ ಬ್ಯಾಟರಿಗಳನ್ನು ಬದಲಾಯಿಸಿ, ಜನರೇಟರಿಗೆ ಮಳೆಗಾಲ ಮುಗಿಯುವವರೆಗೆ ಡೀಸೆಲ್ ಹಾಕಿಸಿ, ಕೆಟ್ಟು ನಿಂತಾಗ ಯಾರನ್ನು ಕೇಳಬೇಕೆಂಬುದನ್ನು ಒಂದು ಹೆಸರು, ಒಂದು ಫೋನ್ ಸಂಖ್ಯೆಯ ಸಮೇತ ಟವರಿನ ಬೇಲಿಗೆ ಬರೆಸಿ. ಇಷ್ಟೇ.

ಕೋವಿಡ್ ಕಾಲದಲ್ಲಿ ನಮ್ಮ ಮಕ್ಕಳು ಗುಡ್ಡದ ನೆತ್ತಿಯ ಮೇಲೆ ಕೊಡೆ ಹಿಡಿದು ಕುಳಿತು ಆನ್‌ಲೈನ್ ಪಾಠ ಕೇಳಿದ್ದು, 2021ರ ಸುಮಾರಿಗೆ ಮಲೆನಾಡಿನ ಹಳ್ಳಿಗಳಲ್ಲಿ 'ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ' ಎಂಬ ಕೂಗು ಎದ್ದದ್ದು ತಮಗೆ ನೆನಪಿರಬಹುದು. ಮತದ ಮಾತು ಬಂದದ್ದರಿಂದ ನೆನಪಿರಲೇಬೇಕು. ಅದರ ಮರುವರ್ಷವೇ ನಮ್ಮೂರಿನ ಗೋಮಾಳದಲ್ಲಿ ಟವರ್ ಎದ್ದು ನಿಂತಿತು. ನಾವು ತೆಂಗಿನಕಾಯಿ ಒಡೆದೆವು. ಎರಡು ಬೇಸಿಗೆ ಚೆನ್ನಾಗಿಯೇ ನಡೆಯಿತು. ಬ್ಯಾಟರಿಗಳು ಸೋಲುತ್ತಾ ಬಂದಂತೆ ಟವರು ಕರೆಂಟಿನ ನೆರಳಾಗಿಬಿಟ್ಟಿತು. ಕರೆಂಟು ಇದ್ದರೆ ಅದಿದೆ, ಕರೆಂಟು ಹೋದರೆ ಅದೂ ಇಲ್ಲ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಇರುವ ಪರಿಯನ್ನು ತಮಗೆ ವಿವರಿಸಬೇಕಾಗಿಲ್ಲ. ಕಾಳಿ, ಶರಾವತಿ, ವಾರಾಹಿಗಳ ನೀರಿನಿಂದ ನಾಡಿಗೆಲ್ಲ ದೀಪ ಹಚ್ಚಿದ ಸೀಮೆಯಲ್ಲಿ ಒಂದು ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಮೂರು ದಿನ ಕತ್ತಲೆ. ಲೈನ್‌ಮನ್ ಮೊಣಕಾಲುದ್ದದ ಕೆಸರಿನಲ್ಲಿ ಬಂದು ಕಂಬ ಹತ್ತುತ್ತಾನೆ, ಅವನ ಮೇಲೆ ನನಗೆ ಯಾವ ದೂರೂ ಇಲ್ಲ.

ಸಿಗ್ನಲ್ ಹೋದಾಗ ನಾನು ಮೊದಲು ಅನುಮಾನಿಸಿದ್ದು ನನ್ನ ಫೋನನ್ನೇ. ಸಿಮ್ ತೆಗೆದು ಒರೆಸಿ ಹಾಕಿದೆ, ಇನ್ನೊಂದು ಸ್ಲಾಟಿಗೆ ಬದಲಾಯಿಸಿದೆ, ಮಗನ ಫೋನಿಗೆ ಹಾಕಿ ನೋಡಿದೆ, ಕೊನೆಗೆ ಹೊಸ ಸಿಮ್ಮನ್ನೇ ತಂದೆ. ಪಕ್ಕದ ಮನೆಯವರ ಫೋನೂ ಅದೇ ಗಳಿಗೆಗೆ ಸಾಯುತ್ತದೆಂದು ತಿಳಿದ ಮೇಲೆ ಒಂದು ನೋಟ್‌ಪುಸ್ತಕ ಇಟ್ಟು ಬರೆಯತೊಡಗಿದೆ. ಕರೆಂಟು ಹೋಗಿ ಸರಿಯಾಗಿ ಮುಕ್ಕಾಲು ಗಂಟೆಗೆ ಸಿಗ್ನಲ್ ಗೀಟುಗಳೆಲ್ಲ ಒಮ್ಮೆಗೇ ಮಾಯವಾದರೆ ಅದು ಬ್ಯಾಟರಿಯ ಕಥೆ. ಗೀಟುಗಳು ತುಂಬಿದ್ದು, ಪಕ್ಕದಲ್ಲಿ 4ಜಿ ಎಂದು ಬರೆದಿದ್ದು, ಆದರೂ ಒಂದು ಮೆಸೇಜು ಹೊರಡದಿದ್ದರೆ ಟವರ್ ಬದುಕಿದೆ, ಆದರೆ ಅದರಿಂದ ಆಚೆಗೆ ಹೋಗುವ ಒಎಫ್‌ಸಿ, ಅಂದರೆ ನೆಲದಡಿಯ ಗಾಜಿನೆಳೆಯ ಕೇಬಲ್, ತುಂಡಾಗಿದೆ. ಆ ದಿನ ರಸ್ತೆ ಅಗಲ ಮಾಡುವ ಜೆಸಿಬಿ ಎಲ್ಲಿ ಚರಂಡಿ ತೋಡುತ್ತಿದೆಯೆಂದು ವಿಚಾರಿಸಿದರೆ ತುಂಡಾದ ಜಾಗವೂ ಸಿಗುತ್ತದೆ. ಪಕ್ಕದೂರಿನ ಟವರಿಗೆ ಕೇಬಲ್ಲೇ ಇಲ್ಲ, ಡಿಶ್‌ನಿಂದ ಡಿಶ್‌ಗೆ ತರಂಗ ಹಾಯಿಸಿದ್ದಾರೆ. ಅಲ್ಲಿ ಬಿರುಮಳೆ ಹೊಡೆಯುವಾಗ ನಿಂತದ್ದು ಮಳೆ ಬಿಟ್ಟ ಮೇಲೆ ತಾನಾಗಿ ಬರುತ್ತದೆ. ಕಂಪನಿಯವರು ಮೂರು ವರ್ಷದಲ್ಲಿ ಪತ್ತೆ ಮಾಡಲಾಗದ ದೋಷವನ್ನು ಅಡಿಕೆ ಬೆಳೆಗಾರನೊಬ್ಬ 20 ರೂಪಾಯಿಯ ಪುಸ್ತಕದಲ್ಲಿ ಪತ್ತೆ ಮಾಡಿದ್ದಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಗಳಲ್ಲಿ 67 ದಿನ ನಮಗೆ ಸಿಗ್ನಲ್ ಕೈಕೊಟ್ಟಿದೆ. ಅವುಗಳಲ್ಲಿ 9 ದಿನ ಬಿಟ್ಟರೆ ಉಳಿದದ್ದೆಲ್ಲ ಬ್ಯಾಟರಿಯದೇ ಬಾಬತ್ತು.

ಇದನ್ನು ಕಂಪನಿಗೆ ತಿಳಿಸಲು 198ಕ್ಕೆ ಕರೆ ಮಾಡಬೇಕು. ಕರೆ ಮಾಡಲು ಸಿಗ್ನಲ್ ಬೇಕು. ಆದ್ದರಿಂದ ಐದು ಕಿಲೋಮೀಟರ್ ದೂರದ ಘಟ್ಟದ ತಿರುವಿಗೆ, ನಾವು ಸಿಗ್ನಲ್ ಕಟ್ಟೆ ಎಂದು ಕರೆಯುವ ಜಾಗಕ್ಕೆ, ಹೋಗಬೇಕು. ಅಲ್ಲಿ ನಿಂತು ಕರೆ ಮಾಡಿದರೆ ಅತ್ತಲಿಂದ ವಿನಯವಂತ ಹುಡುಗಿಯೊಬ್ಬಳು ಫೋನನ್ನು ಆಫ್ ಮಾಡಿ ಆನ್ ಮಾಡಲು, ಏರೋಪ್ಲೇನ್ ಮೋಡ್ ಹಾಕಿ ತೆಗೆಯಲು, ಎಪಿಎನ್ ಸೆಟ್ಟಿಂಗ್ ನೋಡಲು ಹೇಳುತ್ತಾಳೆ. ಎಲ್ಲವನ್ನೂ ಮಾಡಿದ ಮೇಲೆ, "ಸರ್, ನೀವು ಈಗ ಇರುವ ಜಾಗದಲ್ಲಿ ನಮ್ಮ ನೆಟ್‌ವರ್ಕ್ ತುಂಬಾ ಚೆನ್ನಾಗಿ ತೋರಿಸುತ್ತಿದೆ" ಎನ್ನುತ್ತಾಳೆ. ಹೌದಮ್ಮಾ, ಚೆನ್ನಾಗಿರುವುದರಿಂದಲೇ ಇಲ್ಲಿಗೆ ಬಂದಿದ್ದೇನೆ ಎಂದು ಎಷ್ಟು ಬಾರಿ ಹೇಳಿದ್ದೇನೋ ಲೆಕ್ಕವಿಲ್ಲ. ಕೊನೆಗೊಂದು ದೂರು ಸಂಖ್ಯೆ ಕೊಡುತ್ತಾಳೆ. ಎರಡು ದಿನದ ಬಳಿಕ ತಾಂತ್ರಿಕ ವಿಭಾಗದವರು ನನಗೆ ಕರೆ ಮಾಡುತ್ತಾರಂತೆ, ನಾನು ವ್ಯಾಪ್ತಿ ಪ್ರದೇಶದ ಹೊರಗಿರುತ್ತೇನಂತೆ, ಗ್ರಾಹಕರು ಸಂಪರ್ಕಕ್ಕೆ ಸಿಗಲಿಲ್ಲವೆಂದು ಬರೆದು ದೂರನ್ನು ಮುಚ್ಚುತ್ತಾರಂತೆ. ಸಿಗ್ನಲ್ ಇಲ್ಲವೆಂಬ ದೂರನ್ನು, ದೂರುದಾರನಿಗೆ ಸಿಗ್ನಲ್ ಇಲ್ಲವೆಂಬ ಕಾರಣಕ್ಕೇ ವಿಲೇವಾರಿ ಮಾಡಿದ ಈ ಜಾಣತನವನ್ನು ತಾವು ಲೋಕಸಭೆಯಲ್ಲಿ ಒಮ್ಮೆ ಓದಿ ಹೇಳಿದರೂ ಸಾಕಾಗಿತ್ತು.

ಇಷ್ಟಾದರೂ ನಾನು ಹೀಗೆ ಎಲ್ಲರೆದುರು ಬರೆಯುತ್ತಿರಲಿಲ್ಲ. ಬರೆಯುವಂತೆ ಮಾಡಿದ್ದು ಕಳೆದ ಪುನರ್ವಸು ಮಳೆಯ ಒಂದು ದಿನ.

ನನ್ನ ಅಕ್ಕನನ್ನು ಹೊನ್ನಾವರದ ಕಡೆಗೆ ಕೊಟ್ಟಿದೆ. ಭಾವನಿಗೆ ತಿಂಗಳಿನಿಂದ ಹುಷಾರಿರಲಿಲ್ಲ. ಒಂದು ಮಂಗಳವಾರ ಸಂಜೆ ಗಾಳಿಮಳೆಗೆ ಕರೆಂಟು ಹೋಯಿತು, ಮುಕ್ಕಾಲು ಗಂಟೆಗೆ ಟವರೂ ಹೋಯಿತು. ಬುಧವಾರ ಇಡೀ ದಿನ ಮಳೆ ಬಿಡಲಿಲ್ಲ, ಧರೆ ಕುಸಿದು ರಸ್ತೆ ಅರ್ಧ ಮುಚ್ಚಿತ್ತು. ತೋಟಕ್ಕೆ ಕೊಳೆ ರೋಗ ಬಿದ್ದೀತೆಂಬ ಚಿಂತೆಯಲ್ಲಿ, ಮಳೆ ಹೊಳವಾದರೆ ಬೋರ್ಡೋ ದ್ರಾವಣ ಹೊಡೆಸಬೇಕೆಂದು ಸುಣ್ಣ, ಮೈಲುತುತ್ತ ಒದಗಿಸಿಕೊಳ್ಳುವುದರಲ್ಲಿ ನಾನು ಮುಳುಗಿದ್ದೆ. ಗುರುವಾರ ಬೆಳಿಗ್ಗೆ ಅಡಿಕೆ ಮರ ಹತ್ತುವ ಕೊನೆಗಾರನನ್ನು ಕರೆಯಲು ಬೈಕಿನಲ್ಲಿ ಹೊರಟವನು ಸಿಗ್ನಲ್ ಕಟ್ಟೆಯ ಹತ್ತಿರ ಬರುತ್ತಿದ್ದಂತೆ ಜೇಬಿನಲ್ಲಿ ಫೋನು ನಡುಗತೊಡಗಿತು. ನಿಲ್ಲಿಸಿ ನೋಡಿದೆ. ಒಂದರ ಹಿಂದೆ ಒಂದು ಮೆಸೇಜುಗಳು ಬೀಳುತ್ತಿದ್ದವು. ಅಕ್ಕನ ಮಗ 31 ಬಾರಿ ಕರೆ ಮಾಡಿದ್ದ. ಮಂಗಳವಾರ ರಾತ್ರಿ: ಮಾವಾ, ಅಪ್ಪನಿಗೆ ಜೋರಾಗಿದೆ. ಬುಧವಾರ ಬೆಳಗಿನ ಜಾವ: ಅಪ್ಪ ಹೋದರು. ಬುಧವಾರ ಹತ್ತು ಗಂಟೆ: ಅಮ್ಮ ನಿಮ್ಮನ್ನು ಕೇಳುತ್ತಿದ್ದಾಳೆ, ಕಾಯುತ್ತಿದ್ದೇವೆ. ಬುಧವಾರ ಎರಡು ಗಂಟೆ: ಇನ್ನು ಇಡಲಿಕ್ಕಾಗುವುದಿಲ್ಲ ಎನ್ನುತ್ತಿದ್ದಾರೆ ಮಾವಾ.

ಇವುಗಳ ನಡುವೆ, ಹತ್ತು ಗಂಟೆಯ ಮೆಸೇಜಿಗೂ ಎರಡು ಗಂಟೆಯ ಮೆಸೇಜಿಗೂ ಮಧ್ಯೆ, ಕಂಪನಿಯದೊಂದು ಮೆಸೇಜು ಇತ್ತು. ನನ್ನ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆಯೆಂದೂ, ಅವರ ಸೇವೆಗೆ 1ರಿಂದ 5ರವರೆಗೆ ಅಂಕ ಕೊಡಬೇಕೆಂದೂ ಅದರಲ್ಲಿ ಬರೆದಿತ್ತು.

ನಾನು ಹೋಗಿ ತಲುಪಿದಾಗ ಅಂಗಳದಲ್ಲಿ ಏನೂ ಉಳಿದಿರಲಿಲ್ಲ. ಅಕ್ಕ ಕೇಳಿದ್ದು ಒಂದೇ ಮಾತು: "ತಮ್ಮಾ, ಫೋನಾದರೂ ಎತ್ತಬಾರದಿತ್ತಾ?" ಫೋನು ಬಡಿದುಕೊಳ್ಳಲೇ ಇಲ್ಲವೆಂದು ನಾನು ಹೇಳಿದೆ. ನಿಮ್ಮೂರಿಗೆ ಟವರ್ ಬಂದಿದೆಯಲ್ಲ ಎಂದಳು. ಅವಳು ಅದರ ಉದ್ಘಾಟನೆಯ ಫೋಟೋವನ್ನು ಪತ್ರಿಕೆಯಲ್ಲಿ ನೋಡಿದ್ದಳು. ಅದರಲ್ಲಿ ತಾವೂ ಇದ್ದಿರಿ.

ನಿಯಮಗಳು ತಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತವೆ. 2022ರ ಜುಲೈನಲ್ಲಿ ಕೇಂದ್ರ ಸಂಪುಟವು 26,316 ಕೋಟಿ ರೂಪಾಯಿ ವೆಚ್ಚದಲ್ಲಿ, ಸಂಪರ್ಕವೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ಟವರ್ ಇದ್ದೂ ಸಂಪರ್ಕವಿಲ್ಲದ ಹಳ್ಳಿಯನ್ನು ಯಾವ ಪಟ್ಟಿಗೆ ಸೇರಿಸುತ್ತಾರೆ? ದೂರವಾಣಿ ಕಂಪನಿಗಳು ತಮ್ಮ ಜಾಲತಾಣದಲ್ಲಿ ವ್ಯಾಪ್ತಿಯ ನಕ್ಷೆ ಹಾಕಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮ ಮಾಡಿದೆ. ಆ ನಕ್ಷೆಯಲ್ಲಿ ನಮ್ಮೂರಿಗೆ ಬಣ್ಣ ಬಳಿದಿದ್ದಾರೆ. ಟವರ್ ಎಷ್ಟು ಗಂಟೆ ಬದುಕಿರುತ್ತದೆಂಬುದನ್ನು ಆ ಬಣ್ಣ ಹೇಳುವುದಿಲ್ಲ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಸೇವಾ ಗುಣಮಟ್ಟದ ನಿಯಮಗಳಂತೆ, ಒಂದು ಜಿಲ್ಲೆಯಲ್ಲಿ 24 ಗಂಟೆ ಮೀರಿ ಸೇವೆ ನಿಂತುಹೋದರೆ ಗ್ರಾಹಕರಿಗೆ ಪರಿಹಾರ ಉಂಟು. ಜಿಲ್ಲೆ, ಸ್ವಾಮಿ! ಇಡೀ ಜಿಲ್ಲೆಯ ಫೋನುಗಳು ಒಟ್ಟಿಗೆ ಸತ್ತರೆ ನನ್ನ ರೀಚಾರ್ಜಿಗೆ ಬೆಲೆ ಬರುತ್ತದೆ. ನಮ್ಮೂರೊಂದೇ ಮೂರು ದಿನ ಸತ್ತು ಮಲಗಿದರೆ ಅದು ಲೆಕ್ಕಕ್ಕಿಲ್ಲ. ರೀಚಾರ್ಜಿನ 28 ದಿನದ ವಾಯಿದೆ ಮಾತ್ರ ಕತ್ತಲೆ, ಬೆಳಕು ಎಂದು ನೋಡದೆ ದಿನಕ್ಕೊಂದರಂತೆ ಸವೆಯುತ್ತದೆ. ಹಳ್ಳಿಗಾಡಿಗೆ ದೂರಸಂಪರ್ಕ ಒದಗಿಸಲೆಂದು ಕಂಪನಿಗಳ ಆದಾಯದಲ್ಲಿ ಶೇ. 5ರಷ್ಟನ್ನು ತೆಗೆದಿರಿಸುವ ನಿಧಿಯೊಂದಿದೆ, ಅದಕ್ಕೆ ಈಗ ಡಿಜಿಟಲ್ ಭಾರತ್ ನಿಧಿ ಎಂದು ಹೊಸ ಹೆಸರೂ ಬಂದಿದೆ. ಆ ಆದಾಯದಲ್ಲಿ ನಮ್ಮ ರೀಚಾರ್ಜೂ ಸೇರಿದೆಯಾದ್ದರಿಂದ ನಾವು ಕೇಳುತ್ತಿರುವುದು ದಾನವಲ್ಲ. ಒಂದು ಸಾಲು ಬ್ಯಾಟರಿ.

ಟವರ್ ಯಾವ ಕಂಪನಿಯದೆಂದು ಇಲ್ಲಿ ಬರೆದಿಲ್ಲ. ಬರೆದರೆ ಸಿಮ್ ಬದಲಾಯಿಸಿ ಎಂಬ ಬುದ್ಧಿವಾದ ಬರುತ್ತದೆ, ಇಲ್ಲಿರುವುದು ಇದೊಂದೇ.

ಪಡಿತರದ ಬೆರಳಚ್ಚು, ಅಮ್ಮನ ಪಿಂಚಣಿಯ ಓಟಿಪಿ, ಉದ್ಯೋಗ ಖಾತರಿ ಕೆಲಸಗಾರರ ಹಾಜರಿ ಫೋಟೋ ಇವೆಲ್ಲವನ್ನೂ ಸರ್ಕಾರವೇ ಫೋನಿಗೆ ಕಟ್ಟಿಹಾಕಿದೆ. ನ್ಯಾಯಬೆಲೆ ಅಂಗಡಿಯವರು ಯಂತ್ರವನ್ನು ಜೀಪಿನಲ್ಲಿಟ್ಟುಕೊಂಡು ಸಿಗ್ನಲ್ ಕಟ್ಟೆಗೆ ಒಯ್ಯುತ್ತಾರೆ, ಊರಿನ ಮುದುಕರು ಅಲ್ಲಿಗೆ ನಡೆದುಹೋಗಿ ಹೆಬ್ಬೆರಳು ಒತ್ತಿ ಬರುತ್ತಾರೆ. ಇದರ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ನಾನು ಬೆಳೆಸುವುದಿಲ್ಲ.

ತಾವು ಮಾಡಬೇಕಾದದ್ದು ಒಂದು ಪತ್ರ, ಒಂದು ಫೋನ್ ಕರೆ. ಜಿಲ್ಲಾ ಮಟ್ಟದ ದೂರಸಂಪರ್ಕ ಸಭೆಗಳಲ್ಲಿ ಎಷ್ಟು ಟವರ್ ಮಂಜೂರಾಯಿತೆಂದು ಕೇಳುವ ಬದಲು, ಇರುವ ಟವರುಗಳಲ್ಲಿ ಎಷ್ಟಕ್ಕೆ ಕರೆಂಟು ಹೋದ ಮೇಲೆ ಎಂಟು ಗಂಟೆ ನಿಲ್ಲುವ ಬ್ಯಾಟರಿ ಇದೆ, ಎಷ್ಟು ಜನರೇಟರುಗಳ ಟ್ಯಾಂಕಿನಲ್ಲಿ ಡೀಸೆಲ್ ಇದೆ ಎಂದು ಕೇಳಿ. ನಮ್ಮೂರಿನ ಜನರೇಟರಿನೊಳಗೆ ಇಲಿಗಳು ಗೂಡು ಕಟ್ಟಿವೆ, ಬೇಲಿಯಾಚೆಯಿಂದಲೇ ಕಾಣುತ್ತದೆ. ಬ್ಯಾಟರಿ ಬದಲಾಯಿಸಿ. ಡೀಸೆಲ್ ಹಾಕಿಸಿ. ಬೇಲಿಗೆ ಒಂದು ಹೆಸರು ಬರೆಸಿ. ಮೇ ತಿಂಗಳ ಕೊನೆಯೊಳಗೆ, ಮುಂಗಾರು ಹತ್ತುವ ಮೊದಲು, ಇದಿಷ್ಟು ಆಗಬೇಕು. ಚುನಾವಣೆಯವರೆಗೆ ಕಾಯುವ ತಾಳ್ಮೆ ನನಗಿದೆ, ಆದರೆ ಅಮ್ಮನಿಗೆ ಈಗ 84.

ಈ ಪತ್ರಕ್ಕೆ ತಾವು ಉತ್ತರಿಸುವ ಮನಸ್ಸು ಮಾಡಿದರೆ ದಯವಿಟ್ಟು ಅಂಚೆಯಲ್ಲಿ ಕಳುಹಿಸಿ, ನಮ್ಮ ಪೋಸ್ಟ್‌ಮನ್ ಎಂಥ ಮಳೆಯಲ್ಲೂ ಬರುತ್ತಾರೆ. ಫೋನೇ ಮಾಡುವುದಾದರೆ ದಿನಾ ಸಂಜೆ 5ರಿಂದ 6ರವರೆಗೆ ಮಾಡಬೇಕಾಗಿ ವಿನಂತಿ. ಆ ಹೊತ್ತಿಗೆ ನಾನು ಸಿಗ್ನಲ್ ಕಟ್ಟೆಯಲ್ಲಿ ನಿಂತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ ಮತ್ತು ಮತದಾರ