ತಾಳಗುಪ್ಪದಲ್ಲಿ ಟ್ಯಾಕ್ಸಿ ದರದ ಫಲಕ ಹಾಕಿ

ಮಾನ್ಯರೇ,

ಜೋಗ ನೋಡಲು ರೈಲಿನಲ್ಲಿ ತಾಳಗುಪ್ಪಕ್ಕೆ ಬಂದಿಳಿಯುವವರಿಗೆ ಕೆಲವು ಟ್ಯಾಕ್ಸಿಯವರು ಬಾಯಿಗೆ ಬಂದಷ್ಟು ಬಾಡಿಗೆ ಹೇಳುತ್ತಿದ್ದಾರೆ. ರೈಲು ಹಳಿ ಅಲ್ಲಿಗೇ ಮುಗಿಯುತ್ತದೆ. ಬಸ್ ತಪ್ಪಿತೆಂದರೆ ಟ್ಯಾಕ್ಸಿಯೇ ಗತಿ. ಜಡಿಮಳೆಯಲ್ಲಿ ಕಂಕುಳಲ್ಲಿ ಮಗು, ಕೈಯಲ್ಲಿ ಒದ್ದೆ ಬ್ಯಾಗು ಹಿಡಿದು ನಿಂತವರು ಎಷ್ಟು ಹೊತ್ತು ಚೌಕಾಸಿ ಮಾಡಿಯಾರು? ಕೇಳಿದಷ್ಟು ಕೊಟ್ಟು ಹತ್ತುತ್ತಾರೆ. ವಾಪಸ್ ಖಾಲಿ ಬರಬೇಕು ಎನ್ನುವ ಚಾಲಕರ ಕಷ್ಟವೂ ನಿಜ, ಅದನ್ನು ಸೇರಿಸಿಯೇ ದರ ಹೇಳಲಿ. ಆದರೆ ಮುಖ ನೋಡಿ ದರ ಹೇಳುವುದು ತಪ್ಪಲ್ವಾ?

ಮೋಟಾರು ವಾಹನ ಕಾಯ್ದೆಯಲ್ಲಿ, ಷರತ್ತು ಮುರಿದವರ ಪರ್ಮಿಟ್ ಅಮಾನತು ಮಾಡಲು ಅವಕಾಶವಿದೆ. ಜಿಲ್ಲಾಡಳಿತ ಮತ್ತು ಆರ್‌ಟಿಒ ಅಧಿಕಾರಿಗಳು ನಿಲ್ದಾಣದ ಹೊರಗೆ ಜೋಗ, ಸಾಗರದ ದರ ಮತ್ತು ದೂರಿನ ಫೋನ್ ನಂಬರ್ ಇರುವ ದೊಡ್ಡ ಫಲಕ ಹಾಕಿಸಲಿ. ದೂರು ಬಂದ ಗಾಡಿಯ ಮೇಲೆ ತಡಮಾಡದೆ ಕ್ರಮ ಕೈಗೊಳ್ಳಲಿ.

– ಒಬ್ಬ ಓದುಗ, ಸಾಗರ