ಕೊನೆಯ ಮನೆಗೂ ಸೂರಾಯಿತು, ಎಲ್ಲರಿಗೂ ನಮಸ್ಕಾರ

ಪ್ರವಾಹದಲ್ಲಿ ಬಿದ್ದ ಮನೆಗಳನ್ನು ಮತ್ತೆ ಕಟ್ಟುವ ಕೆಲಸದಲ್ಲಿ ನಮ್ಮ ಪಾಲಿಗೆ ಬಂದದ್ದು ಮೊನ್ನೆಗೆ ಮುಗಿಯಿತು. ಕೊನೆಯ ಮನೆಯ ತಾರಸಿಗೆ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಿ, ನೆಲ ತೊಳೆದು, ಮನೆಯವರು ಪಾತ್ರೆಪಗಡೆ ಒಳಗಿಟ್ಟರು. ಇಷ್ಟು ದಿನ ಕೆಲಸದ ಗಡಿಬಿಡಿಯಲ್ಲಿ ಯಾರಿಗೂ ನೆಟ್ಟಗೆ ಒಂದು ಮಾತು ಹೇಳಲು ಆಗಿರಲಿಲ್ಲ. ಈಗ ಹೇಳುತ್ತಿದ್ದೇನೆ. ಉದ್ದವಾದರೂ ದಯವಿಟ್ಟು ಓದಿ.

ಮೊದಲ ನಮಸ್ಕಾರ ಆ ಮನೆಗಳವರಿಗೆ. ಸ್ವಯಂಸೇವಕರು ಮನೆ ಕಟ್ಟಿಕೊಟ್ಟರು ಎಂದು ಹಲವರು ನಮ್ಮನ್ನು ಹೊಗಳುತ್ತಿದ್ದಾರೆ. ನಾವು ಇಟ್ಟಿಗೆ ಹೊತ್ತಿದ್ದೇವೆ, ಗಾರೆ ಕಲಸಿದ್ದೇವೆ, ಅದು ನಿಜ. ಆದರೆ ಬಾಗಿಲು ಯಾವ ಕಡೆಗೆ, ಒಲೆ ಎಲ್ಲಿ, ಹಾಸಿಗೆ ಹಿಡಿದ ಮಾವನ ಕೋಣೆಗೆ ಕಿಟಕಿ ಎಷ್ಟು ಎತ್ತರದಲ್ಲಿ, ಇದನ್ನೆಲ್ಲ ತೀರ್ಮಾನಿಸಿದ್ದು ಅವರು. ಒಬ್ಬ ಅಕ್ಕ ನಮ್ಮನ್ನು ಅಳಿದುಳಿದ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ, ನೀರು ನಿಂತು ಆದ ಕಂದು ಗೆರೆಯ ಮೇಲೆ ಇದ್ದಿಲಿನಿಂದ ಅಡ್ಡ ಗೀಟು ಎಳೆದರು. "ಪಾಯ ಇದಕ್ಕಿಂತ ಮೇಲೆ ಬರಬೇಕು. ಇಲ್ಲದಿದ್ದರೆ ಮತ್ತೆ ಇದೇ ಗತಿ" ಎಂದರು. ನಕ್ಷೆಯಲ್ಲಿದ್ದ ಎತ್ತರ ಅದಕ್ಕಿಂತ ಕಡಿಮೆಯಿತ್ತು. ಎಂಜಿನಿಯರ್ ಆ ಗೀಟಿಗೆ ಟೇಪು ಹಿಡಿದರು, ಅಕ್ಕಪಕ್ಕದ ಗೋಡೆಗಳಲ್ಲೂ ಗೆರೆ ಹುಡುಕಿ ಅಳೆದರು, ಅಲ್ಲೇ ನಿಂತು ನಕ್ಷೆ ತಿದ್ದಿದರು. ಓದಿದ ವಿದ್ಯೆಯನ್ನು ಪಕ್ಕಕ್ಕಿಡದೆ, ಎದುರಿಗಿದ್ದವರ ಮಾತನ್ನೂ ತಳ್ಳಿಹಾಕದೆ ಕೆಲಸ ಮಾಡಿದ ಅವರಿಗೆ ಎರಡನೆಯ ನಮಸ್ಕಾರ.

ಮನೆಯವರ ಮಾತಿಗೆ ಬೆಲೆ ಕೊಡಬೇಕು ಎಂದು ನಮಗೆ ಮೊದಲ ದಿನವೇ ಹೇಳಿಕೊಟ್ಟವರು ಜತೆಗಿದ್ದ ಹಿರಿಯರೊಬ್ಬರು. 2001ರ ಜನವರಿ 26ರ ಭೂಕಂಪದ ನಂತರ ಅವರು ಗುಜರಾತಿನಲ್ಲಿ ದುಡಿದವರು. ಅಲ್ಲಿ ಬಹಳಷ್ಟು ಮನೆಗಳನ್ನು ಮನೆಯವರೇ ಮುಂದೆ ನಿಂತು ಕಟ್ಟಿಸಿಕೊಂಡರು. ಕೆಲಸ ಎಲ್ಲಿಗೆ ಬಂದಿದೆ ಎಂದು ನೋಡಿ ಸರ್ಕಾರ ಕಂತುಕಂತಾಗಿ ಹಣ ಕೊಡುತ್ತಿತ್ತು. 2015ರ ಭೂಕಂಪದ ಮೇಲೆ ನೇಪಾಳವೂ ಇದೇ ದಾರಿ ಹಿಡಿಯಿತು. "ಮನೆ ಅವರದು, ನಾವು ಆಳುಗಳು. ಅಷ್ಟು ನೆನಪಿದ್ದರೆ ಉಳಿದದ್ದೆಲ್ಲ ಕಲಿಸಬಹುದು" ಎನ್ನುತ್ತಿದ್ದರು ಆ ಹಿರಿಯರು. ಸರ್, ಆ ಮಾತು ಕೊನೆಯವರೆಗೂ ನಮ್ಮನ್ನು ಕಾಪಾಡಿತು.

ಇನ್ನು ಮೇಸ್ತ್ರಿ. ಇವರ ಬಗ್ಗೆ ಎಷ್ಟು ಬರೆದರೂ ಸಾಲದು. ನೀರು ಇಳಿದ ಹೊಸದರಲ್ಲಿ ಕೆಸರು ಬಳಿಯಲು ಒಂದು ಮಣ್ಣಿನ ಮನೆಯೊಳಗೆ ಹೊರಟಿದ್ದ ನಮ್ಮ ಹುಡುಗನ ರಟ್ಟೆ ಹಿಡಿದು ನಿಲ್ಲಿಸಿದರು. "ನೀರು ಹೋಯ್ತು ಅಂತ ಒಳಗೆ ಕಾಲಿಡಬೇಡ ತಮ್ಮಾ. ಗೋಡೆ ಇನ್ನೂ ನೀರು ಕುಡಿದೇ ನಿಂತಿದೆ." ಮಣ್ಣಿನ ಗೋಡೆ ಬುಡದಿಂದ ನೀರು ಹೀರಿ ಮೆತ್ತಗಾಗಿರುತ್ತದೆ, ಎಷ್ಟೋ ಸಲ ನೆರೆ ಇಳಿದ ಮೇಲೆಯೇ ಕುಸಿಯುತ್ತದೆ. ಮರುದಿನ ಆ ಮನೆಯ ಹಿಂದಿನ ಗೋಡೆ ಪೂರ್ತಿ ಮಲಗಿತು. ಆ ಹುಡುಗನ ತಾಯಿಯ ಪರವಾಗಿಯೂ ಈ ಸಾಲು ಬರೆಯುತ್ತಿದ್ದೇನೆ.

ಅವರ ಕಲಿಸುವ ರೀತಿಯೂ ಹಾಗೆಯೇ, ಕೆಲಸ ನಿಲ್ಲಿಸಿ ಕಾರಣ ಹೇಳುತ್ತಿದ್ದರು. ಒಣ ಇಟ್ಟಿಗೆ ಇಟ್ಟರೆ ಅದು ಗಾರೆಯ ನೀರನ್ನೆಲ್ಲ ಎಳೆದುಕೊಂಡು ಬೆಸುಗೆ ಕೂರದಂತೆ ಮಾಡುತ್ತದೆ, ಅದಕ್ಕೇ ನೆನೆಹಾಕಬೇಕು. ಬಾಂಡ್ಲಿಯಲ್ಲಿ ಗಟ್ಟಿಯಾಗತೊಡಗಿದ ಗಾರೆಗೆ ಮತ್ತೆ ನೀರು ಸುರಿದು ಕಲಸುವುದು ಬೇಡ, ಚೆಲ್ಲಿಬಿಡಿ. ಕಂಬದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ತುದಿಯನ್ನು ಒಳಮುಖವಾಗಿ 135 ಡಿಗ್ರಿ ಬಗ್ಗಿಸಿ, 90 ಡಿಗ್ರಿಗೇ ಬಿಟ್ಟರೆ ಭೂಮಿ ನಡುಗಿದಾಗ ಬಿಚ್ಚಿಕೊಳ್ಳುತ್ತದೆ. ಪ್ರತಿ ವರಸೆಗೂ ತೂಕದ ಗುಂಡು ಇಳಿಬಿಟ್ಟು, ದಾರ ಗೋಡೆಗೆ ತಾಗದೆ ನಿಲ್ಲುವವರೆಗೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಎರಡು ದಿನದಲ್ಲಿ ಗೋಡೆ ಎತ್ತಿ ಫೋಟೊ ತೆಗೆಸಿಕೊಳ್ಳುವ ಅವಸರ ಎಲ್ಲ ಕಡೆಯೂ ಇರುತ್ತದೆ. ಅಂಥ ಅವಸರಕ್ಕೆ ಅವರು ಒಮ್ಮೆಯೂ ಬಗ್ಗಲಿಲ್ಲ. ಪುನರ್ವಸತಿಯಲ್ಲಿ ಕೆಟ್ಟ ಕಾಮಗಾರಿ ಅಂದರೆ ಮುಂದಿನ ದುರಂತವನ್ನು ಈಗಲೇ ಕಟ್ಟಿಟ್ಟಂತೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ, ಆ ನಂಬಿಕೆ ಬಂದದ್ದು ಅವರಿಂದ.

ಕ್ಯೂರಿಂಗ್, ಅಂದರೆ ಹೊಸ ಕಾಂಕ್ರೀಟಿಗೆ ನೀರುಣಿಸಿ ಒದ್ದೆಯಾಗಿಡುವ ಕೆಲಸ, ಮಾಡಿದವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಂಕ್ರೀಟಿನ ಬಲವನ್ನು ಅಳೆಯುವುದು 28 ದಿನದ ಲೆಕ್ಕದಲ್ಲಿ. ಮೊದಲ ವಾರ ಅದು ಒಣಗಿತೋ, ಆಮೇಲೆ ಏನು ಮಾಡಿದರೂ ಆ ಬಲ ಪೂರ್ತಿ ಮರಳದು. ನಾವು ಬರುವ ಮೊದಲೇ ಎದ್ದು ಕಂಬಗಳಿಗೆ ಸುತ್ತಿದ ಗೋಣಿಯನ್ನು ಚೊಂಬಿನಿಂದ ತೋಯಿಸುತ್ತಿದ್ದ ಅಜ್ಜಿಯೊಬ್ಬರಿದ್ದರು. ತಮ್ಮ ಮನೆಯದಷ್ಟೇ ಅಲ್ಲ, ಆ ಸಾಲಿನ ಎಲ್ಲ ಮನೆಗಳ ಕಂಬಗಳಿಗೂ. ಗೋಣಿಯ ಮೇಲೆ ಅಂಗೈ ಒತ್ತಿ ನೋಡಿ, ತಣ್ಣಗಿದ್ದರೆ ಮಾತ್ರ ಮುಂದಿನದಕ್ಕೆ ಹೋಗುತ್ತಿದ್ದರು. ಅಜ್ಜೀ, ಆ ಕಂಬಗಳ ಗಟ್ಟಿತನದಲ್ಲಿ ಸಿಮೆಂಟಿನಷ್ಟೇ ನಿಮ್ಮ ಪಾಲೂ ಇದೆ.

ಕೊಚ್ಚಿಹೋದ ಕಾಗದಪತ್ರಗಳ ನಕಲು ತೆಗೆಸಲು ಜನರ ಜತೆ ಕಚೇರಿಗಳಲ್ಲಿ ಕಾದು ಕೂತ ನಿವೃತ್ತ ಗುಮಾಸ್ತರಿಗೆ, ಕೆಸರು ದಾರಿಯಲ್ಲಿ ಜಲ್ಲಿ ಮರಳು ತಂದ ಚಾಲಕರಿಗೆ, ಅಡುಗೆಯವರಿಗೆ, ಹಳೆ ಬಟ್ಟೆ ಬೇಡ ಎಂದಾಗ ಬೇಸರಿಸದೆ ಕಬ್ಬಿಣಕ್ಕೆ ಹಣ ಕಳಿಸಿದವರಿಗೆ, ರಜೆ ಕೊಟ್ಟವರಿಗೆ, ನಮ್ಮ ಮನೆಗಳಲ್ಲಿ ನಮ್ಮ ಪಾಲಿನ ಕೆಲಸವನ್ನೂ ಹೊತ್ತವರಿಗೆ ವಂದನೆಗಳು.

ಸುದ್ದಿ ತಣ್ಣಗಾದ ಮೇಲೆ ಬಂದವರಿಗೆ ಬೇರೆಯಾಗಿಯೇ ಹೇಳಬೇಕು. ಮೊದಲ ವಾರದಲ್ಲಿ ನಿಲ್ಲಲು ಜಾಗವಿಲ್ಲದಷ್ಟು ಜನ ಬರುತ್ತಾರೆ. ಬರಲಿ, ಒಳ್ಳೆಯದೇ. ಆದರೆ ಪ್ಲಾಸ್ಟರ್, ಶೌಚಾಲಯ, ಚರಂಡಿಯ ಹೊತ್ತಿಗೆ ಕೈಗಳು ಖಾಲಿಯಾಗಿರುತ್ತವೆ. ಆಗ ಬಂದು, ಯಾರ ಕಣ್ಣಿಗೂ ಬೀಳದ ಗುಂಡಿ ತೋಡಿ ಹೋದಿರಲ್ಲ, ನಿಮ್ಮಿಂದಾಗಿ ಕೆಲಸ ಅರ್ಧಕ್ಕೆ ನಿಲ್ಲಲಿಲ್ಲ.

ಕರಣೆ, ರಸಮಟ್ಟ, ಸಲಿಕೆ, ಸೆಂಟ್ರಿಂಗ್ ಹಲಗೆ ಎಲ್ಲವನ್ನೂ ಅಲ್ಲೇ ಬಿಟ್ಟು ಬಂದಿದ್ದೇವೆ. ಮೇಸ್ತ್ರಿಯ ಕೈಕೆಳಗೆ ಗಾರೆ ಕೆಲಸ ಕಲಿತ ಹುಡುಗ ಹುಡುಗಿಯರು ಮುಂದಿನ ಸಾಲಿನ ಮನೆಗಳಿಗೆ ತಾವೇ ಪಾಯ ತೋಡಲು ಶುರು ಮಾಡಿದ್ದಾರೆ. ನಿಮಗೆಲ್ಲ ಪ್ರೀತಿಯ ನಮಸ್ಕಾರ. ತಾರಸಿ ಹಾಕುವ ದಿನ ಕೈ ಸಾಲದಿದ್ದರೆ ಒಂದು ಫೋನ್ ಮಾಡಿ, ಬರುತ್ತೇವೆ.